ಊಟದ ತಟ್ಟೆ ಮುಂದೆ ಕೂತು ಅಳೋ ಮಗಳಿಗೆ ಏನಂತ ಹೇಳೋದು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈಟಿಂಗ್ ಡಿಸಾರ್ಡರ್, ಅಂದ್ರೆ ಊಟ ತಿನ್ನೋದಕ್ಕೆ ಸಂಬಂಧಪಟ್ಟ ಮಾನಸಿಕ ಕಾಯಿಲೆ, ಅದರ ಬಗ್ಗೆ ಬಂದಿರೋ ಪತ್ರಗಳೆಲ್ಲ ಒಂದು ಕಡೆ ಸೇರ್ಕೊಂಡಿದ್ವು, ಅದಕ್ಕೇ ಈ ಸಲದ ಪೂರ್ತಿ ಕಾಲಂ ಅದಕ್ಕೇ ಇಟ್ಟಿದೀನಿ. ಪತ್ರ ಬರೆದಿರೋರಲ್ಲಿ ಹೆಚ್ಚಿನವರು ಕಾಯಿಲೆ ಇರೋರಲ್ಲ, ಅವರ ಜೊತೆ ಒಂದೇ ಮನೇಲಿ ಇರೋರು. ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ, ಯಾರ ತೂಕ ಎಷ್ಟಿತ್ತು ಎಷ್ಟಾಯ್ತು, ದಿನಕ್ಕೆ ಎಷ್ಟು ಕ್ಯಾಲೊರಿ ಅನ್ನೋ ನಂಬರ್‌ಗಳನ್ನ ಪತ್ರಗಳಿಂದ ತೆಗೆದಿದೀನಿ, ಯಾಕಂದ್ರೆ ಈ ಕಾಯಿಲೆ ಇರೋರು ಇದನ್ನ ಓದಿದ್ರೆ ಆ ನಂಬರ್ ಜೊತೆ ತಮ್ಮನ್ನ ಹೋಲಿಸಿಕೊಳ್ಳೋಕೆ ಶುರು ಮಾಡ್ತಾರೆ. ಹೆಸರುಗಳನ್ನೂ ತೆಗೆದಿದೀನಿ.

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಹೆಲ್ದಿಯಾಗಿ ತಿಂತೀನಿ ಅಂತ ಶುರು ಮಾಡಿದ್ಲು, ಮೊದಲು ಸಿಹಿ ಬಿಟ್ಲು, ಆಮೇಲೆ ಎಣ್ಣೆ, ಆಮೇಲೆ ರಾತ್ರಿ ಊಟ. ಈಗ ಒಂದೊಂದು ತುತ್ತನ್ನೂ ಚೂರು ಚೂರು ಮಾಡಿ ಅರ್ಧ ಗಂಟೆ ತಟ್ಟೆ ಮುಂದೆ ಕೂತಿರ್ತಾಳೆ, ಟಿಶ್ಯೂ ಪೇಪರಲ್ಲಿ ಸುತ್ತಿ ಬಚ್ಚಿಡ್ತಾಳೆ, ಬಿಸಿಲಲ್ಲೂ ಸ್ವೆಟರ್ ಹಾಕ್ಕೊಂಡಿರ್ತಾಳೆ. ಡಾಕ್ಟರ್ ಅನೊರೆಕ್ಸಿಯಾ, ಅಂದ್ರೆ ದಪ್ಪ ಆಗ್ತೀನಿ ಅನ್ನೋ ಭಯದಿಂದ ಊಟ ಬಿಡೋ ಕಾಯಿಲೆ, ಅಂದ್ರು, ಮೂರು ಹೊತ್ತೂ ನೀವೇ ಕೂತು ತಿನ್ನಿಸಿ ಅಂದಿದಾರೆ. ಕೂತ್ರೆ ಕಿರುಚ್ತಾಳೆ, ನೀನು ನನ್ನ ಅಮ್ಮನೇ ಅಲ್ಲ ಅಂತಾಳೆ. ನಮ್ಮ ಅತ್ತೆ, ಬಿಟ್ಬಿಡು ಹಸಿವಾದ್ರೆ ತಾನೇ ತಿಂತಾಳೆ ಅಂತಾರೆ. ನಾನು ಬೆಳೆಸಿದ್ದರಲ್ಲೇ ಏನಾದ್ರೂ ತಪ್ಪಾಯ್ತಾ?

ಉತ್ತರ: ಕೊನೆ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಮ್ಮ. ಇಲ್ಲ. ಈ ಕಾಯಿಲೆ ಬರೋದಕ್ಕೆ ಯಾವುದೋ ಒಂದೇ ಕಾರಣ ಇಲ್ಲ, ವಂಶದಿಂದ ಬರೋ ಗುಣ ಇರುತ್ತೆ, ಎಲ್ಲಾ ಪರ್ಫೆಕ್ಟ್ ಆಗಿರ್ಬೇಕು ಅನ್ನೋ ಸ್ವಭಾವ ಇರುತ್ತೆ, ಮೈ ಬೆಳೆಯೋ ವಯಸ್ಸು ಇರುತ್ತೆ, ಸುತ್ತಮುತ್ತ ತೂಕದ ಮಾತು ಇರುತ್ತೆ, ಇಷ್ಟೆಲ್ಲದರ ಮಧ್ಯೆ ಒಂದು ಡಯಟ್ ಕಿಡಿ ಹಚ್ಚುತ್ತೆ. ಹಿಂದೆ ಡಾಕ್ಟರ್‌ಗಳೇ ಅಪ್ಪ ಅಮ್ಮನ ಕಡೆ ಬೆರಳು ತೋರಿಸಿ ಮಕ್ಕಳನ್ನ ಅವರಿಂದ ದೂರ ಇಡ್ತಿದ್ದ ಕಾಲ ಇತ್ತು. ಅದನ್ನ ಬದಲಾಯಿಸಿದ್ದು 1980ರ ದಶಕದಲ್ಲಿ ಲಂಡನ್‌ನ ಮಾಡ್ಸ್ಲಿ ಆಸ್ಪತ್ರೆಯವರು. ಹೆತ್ತವರನ್ನ ದೂರ ಇಡೋ ಬದಲು ಚಿಕಿತ್ಸೆಯ ಮುಖ್ಯ ಕೆಲಸವನ್ನೇ ಅವರ ಕೈಗೆ ಕೊಟ್ರು, ಕಾಯಿಲೆ ಶುರುವಾಗಿ ಬಹಳ ದಿನ ಆಗದೇ ಇರೋ ಹದಿಹರೆಯದ ಮಕ್ಕಳಲ್ಲಿ ಇದು ಒಬ್ಬೊಬ್ಬರನ್ನೇ ಕೂರಿಸಿ ಕೌನ್ಸೆಲಿಂಗ್ ಮಾಡೋದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ ಅಂತ 1987ರಲ್ಲೇ ತೋರಿಸಿದ್ರು. ನಿಮ್ಮ ಡಾಕ್ಟರ್ ಹೇಳಿರೋದೂ ಅದನ್ನೇ ಅನ್ಸುತ್ತೆ. ಇದು ಮೂರು ಹಂತದಲ್ಲಿ ನಡೆಯುತ್ತೆ. ಮೊದಲು ಏನು, ಎಷ್ಟು, ಯಾವಾಗ ತಿನ್ಬೇಕು ಅನ್ನೋದನ್ನ ಪೂರ್ತಿ ದೊಡ್ಡವರೇ ನಿರ್ಧಾರ ಮಾಡ್ತಾರೆ, ಆರೋಗ್ಯ ಸುಧಾರಿಸಿದ ಹಾಗೆ ಸ್ವಲ್ಪ ಸ್ವಲ್ಪ ಮಗಳ ಕೈಗೆ ವಾಪಸ್ ಕೊಡ್ತಾರೆ, ಕೊನೇಲಿ ಸ್ಕೂಲು, ಫ್ರೆಂಡ್ಸು, ಅವಳ ವಯಸ್ಸಿನ ಬೇರೆ ವಿಷಯಗಳನ್ನ ಮಾತಾಡ್ತಾರೆ.

ಅತ್ತೆಯವರ ಮಾತು ಪ್ರೀತಿಯಿಂದಲೇ ಬಂದಿರೋದು, ಆದ್ರೆ ಈ ಕಾಯಿಲೇಲಿ ಅದು ನಿಜ ಅಲ್ಲ. 1944-45ರಲ್ಲಿ ಅಮೆರಿಕದ ಮಿನ್ನೆಸೋಟಾ ಯೂನಿವರ್ಸಿಟೀಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಆರೋಗ್ಯವಾಗಿದ್ದ ಯುವಕರಿಗೆ, ಅವರ ಒಪ್ಪಿಗೆ ತಗೊಂಡೇ, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ್ರು. ಅವರಲ್ಲಿ ಯಾರಿಗೂ ತೆಳ್ಳಗಾಗೋ ಆಸೆ ಇರ್ಲಿಲ್ಲ. ಆದ್ರೂ ಅವರು ಏನ್ ಮಾಡೋಕೆ ಶುರು ಮಾಡಿದ್ರು ಗೊತ್ತಾ, ಒಂದು ಊಟನ ಗಂಟೆಗಟ್ಟಲೆ ಎಳೀತಿದ್ರು, ಅಡುಗೆ ಪುಸ್ತಕ ಕೂಡಿಡ್ತಿದ್ರು, ಯಾವಾಗ್ಲೂ ಚಳಿ ಅಂತಿದ್ರು, ಫ್ರೆಂಡ್ಸ್ ಜೊತೆ ಸೇರೋದು ಬಿಟ್ರು, ಸಣ್ಣದಕ್ಕೆಲ್ಲ ರೇಗ್ತಿದ್ರು. ಈಗ ನಿಮ್ಮ ಪತ್ರ ಇನ್ನೊಂದು ಸಲ ಓದಿ, ಸ್ವೆಟರ್, ಚೂರು ಚೂರು ಮಾಡೋದು, ಕಿರುಚಾಟ, ಎಲ್ಲಾ ಅಲ್ಲಿದೆ. ನಿಮ್ಮ ಮಗಳ ಸ್ವಭಾವ ಕೆಟ್ಟಿಲ್ಲ, ಮೆದುಳಿಗೆ ಊಟ ಸಾಕಾಗ್ತಿಲ್ಲ. ಆ ಯುವಕರಿಗೆ ಊಟದ ಹೆದರಿಕೆ ಇರ್ಲಿಲ್ಲ, ಪ್ರಯೋಗ ಮುಗಿದು ಮತ್ತೆ ಊಟ ಕೊಟ್ಟಾಗ ತಿಂದ್ರು. ಅನೊರೆಕ್ಸಿಯಾದಲ್ಲಿ ತಿಂದ್ರೆ ಭಯ ಜಾಸ್ತಿ ಆಗುತ್ತೆ, ತಿನ್ನದಿದ್ರೆ ಆ ಕ್ಷಣಕ್ಕೆ ಸಮಾಧಾನ ಆಗುತ್ತೆ, ಹಾಗಾಗಿ ಹಸಿವು ತಾನಾಗೇ ಗೆಲ್ಲೋದಿಲ್ಲ, ಪಕ್ಕದಲ್ಲಿ ಒಬ್ಬರು ಇರ್ಲೇಬೇಕು. ಮಗಳಿಗೆ ಬುದ್ಧಿ ಬರ್ಲಿ, ಆಮೇಲೆ ತಿಂತಾಳೆ ಅಂತ ಕಾಯೋದು ಬೇಡ, ಊಟ ಮೊದಲು, ಮನಸ್ಸು ಅದರ ಹಿಂದೆ ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತೆ.

ಇನ್ನು ತಟ್ಟೆ ಮುಂದೆ ಏನ್ ಮಾಡೋದು ಅನ್ನೋದು. ಅಡುಗೆ ಮನೇಲಿ ನೀವೊಬ್ಬರೇ ಬಡಿಸ್ಕೊಂಡು ತನ್ನಿ, ಬಡಿಸೋವಾಗ ಅವಳು ಪಕ್ಕದಲ್ಲಿ ನಿಂತಿರೋದು ಬೇಡ, "ಏನ್ ಬೇಕು, ಎಷ್ಟು ಹಾಕ್ಲಿ" ಅಂತ ಕೇಳೋದೂ ಬೇಡ, ಆ ಪ್ರಶ್ನೆನೇ ಅವಳಿಗೆ ಹಿಂಸೆ, ಯಾಕಂದ್ರೆ ಬೇಕು ಅಂದ್ರೆ ಒಳಗಡೆ ಕಾಯಿಲೆ ಬೈಯುತ್ತೆ. ತಟ್ಟೆ ತಳ್ಳಿದ್ರೆ ವಾಪಸ್ ಮುಂದೆ ಇಟ್ಟು, ಮೆಲ್ಲಗೆ, "ಕಷ್ಟ ಅಂತ ಗೊತ್ತು ಪುಟ್ಟಾ, ನಾನಿಲ್ಲೇ ಇದೀನಿ, ಇನ್ನೊಂದು ತುತ್ತು" ಅನ್ನಿ. ಅವಳು ಎಣ್ಣೆ ಎಷ್ಟು ಹಾಕಿದೀಯ ಅಂತ ಕೇಳ್ತಾಳೆ, ನಿನ್ನೆಗಿಂತ ಜಾಸ್ತಿ ಇದೆ ಅಂತಾಳೆ, ಅರ್ಧ ತಿಂತೀನಿ ಉಳಿದಿದ್ದು ನಾಳೆ ಅಂತಾಳೆ, ಈ ಯಾವುದಕ್ಕೂ ಲೆಕ್ಕ ಕೊಡ್ಬೇಡಿ, ವಾದಕ್ಕೆ ಇಳಿದ್ರೆ ಆ ವಾದ ಮುಗಿಯೋದೇ ಇಲ್ಲ. "ಇವತ್ತು ನಿನಗೆ ಬೇಕಾಗಿರೋದು ಇಷ್ಟು" ಅಂತ ಒಂದೇ ಮಾತು, ಒಂದೇ ದನಿ. ಮಧ್ಯೆ ಮಧ್ಯೆ ಊಟಕ್ಕೆ ಸಂಬಂಧವೇ ಇಲ್ಲದ ಮಾತು ಆಡಿ, ಟೀವಿ ಹಾಕಿದ್ರೂ ಪರ್ವಾಗಿಲ್ಲ. ಊಟ ಆದ್ಮೇಲೆ ಒಂದು ಗಂಟೆ ಜೊತೇಲೇ ಇರಿ, ಯಾಕಂದ್ರೆ ಭಯ ಜಾಸ್ತಿ ಆಗೋದು ಆಗಲೇ, ಬಾತ್‌ರೂಮಲ್ಲಿ ಎಕ್ಸರ್ಸೈಸ್ ಮಾಡೋದು, ವಾಂತಿ ಮಾಡೋದು ಎಲ್ಲಾ ಆಗೋದು ಆ ಹೊತ್ತಲ್ಲೇ. ನೀನು ನನ್ನ ಅಮ್ಮ ಅಲ್ಲ ಅಂದ್ಲು ಅಂತ ಬರೆದಿದೀರ, ಅದನ್ನ ಓದಿ ನನಗೂ ಸಂಕಟ ಆಯ್ತು. ಆ ಮಾತನ್ನ ಕಾಯಿಲೆ ಆಡಿಸಿದ್ದು ಅಂತ ತಗೊಳ್ಳಿ, ನಿಜವಾಗ್ಲೂ ಹಾಗೇ. ವಾಸಿಯಾದ ಎಷ್ಟೋ ಮಕ್ಕಳು ಆಮೇಲೆ ಹೇಳೋದು, ಅವತ್ತು ಅಮ್ಮ ಎದ್ದು ಹೋಗಿದ್ರೆ ನಾನು ಹೆದರಿ ಹೋಗ್ತಿದ್ದೆ ಅಂತ.

ಗಂಡ ಹೆಂಡತಿ ಇಬ್ಬರದ್ದೂ ಒಂದೇ ಮಾತಿರ್ಬೇಕು. ಅಪ್ಪ ಅಯ್ಯೋ ಪಾಪ ಬಿಡು ಅಂದ್ರೆ ಅಮ್ಮ ಅರ್ಧ ದಿನದಲ್ಲಿ ಕಟ್ಟಿದ್ದು ಒಂದು ನಿಮಿಷದಲ್ಲಿ ಹೋಗುತ್ತೆ. ಅತ್ತೆಯವರನ್ನ ಒಂದು ಸಲ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಅವರು ಹೇಳಿದ್ರೆ ಕೇಳ್ತಾರೆ, ಆಮೇಲೆ ಊಟ ಆದ್ಮೇಲಿನ ಆ ಒಂದು ಗಂಟೆ ಮೊಮ್ಮಗಳ ಜೊತೆ ಕೂರೋ ಕೆಲಸ ಅವರಿಗೇ ಕೊಡಿ.

ಒಂದು ಎಚ್ಚರಿಕೆ. ಬಹಳ ದಿನ ಉಪವಾಸ ಇದ್ದ ದೇಹಕ್ಕೆ ಇದ್ದಕ್ಕಿದ್ದ ಹಾಗೆ ತುಂಬಾ ಊಟ ಕೊಟ್ರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ಇಳಿದು ಹೃದಯಕ್ಕೆ ಅಪಾಯ ಆಗ್ಬಹುದು, ಹಾಗಾಗಿ ಮೊದಲ ವಾರಗಳಲ್ಲಿ ಎಷ್ಟು ಏರಿಸ್ಬೇಕು ಅನ್ನೋದನ್ನ ಡಾಕ್ಟರ್ ಕೇಳೇ ಮಾಡಿ, ರಕ್ತಪರೀಕ್ಷೆ ತಪ್ಪಿಸ್ಬೇಡಿ. ತಲೆ ಸುತ್ತಿ ಬಿದ್ರೆ, ಎದೆ ನೋವು ಅಂದ್ರೆ, ಎಚ್ಚರ ಇರೋವಾಗ್ಲೇ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ರೆ, ನೀರೂ ಕುಡಿಯಲ್ಲ ಅಂದ್ರೆ, ಸಾಯೋ ಮಾತಾಡಿದ್ರೆ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯ್ಬೇಡಿ, ಅವತ್ತೇ ಆಸ್ಪತ್ರೆ.

ಪ್ರಶ್ನೆ: ನನ್ನ ಹೆಂಡತಿಗೆ 31, ಇಬ್ಬರು ಮಕ್ಕಳು. ನೋಡೋಕೆ ಆರೋಗ್ಯವಾಗೇ ಇದಾಳೆ. ಒಂದು ದಿನ ಬೇಗ ಮನೆಗೆ ಬಂದಾಗ ಬಾತ್‌ರೂಮಲ್ಲಿ ವಾಂತಿ ಮಾಡ್ಕೊಳ್ತಿದ್ದದ್ದು ಗೊತ್ತಾಯ್ತು. ಕೇಳಿದ್ರೆ ಕಾಲೇಜಿನಿಂದ ಇದೆ ಅಂದ್ಲು, ಯಾರಿಗೂ ಹೇಳ್ಬೇಡಿ ಅಂತ ಅತ್ತಳು. ತಿಂಡಿ ಡಬ್ಬಿಗಳನ್ನ ಬಚ್ಚಿಡ್ಲಾ? ಬಾತ್‌ರೂಮಿನ ಹತ್ರ ನಿಂತು ಕಾಯ್ಲಾ?

ಉತ್ತರ: ಎರಡೂ ಬೇಡ ಸರ್. ಮೇಲಿನ ಅಮ್ಮನಿಗೆ ಹೇಳಿದ್ದನ್ನ ನೀವು ಹಾಗೇ ಮಾಡೋಕೆ ಹೋಗ್ಬೇಡಿ, ಅದು ಮಗುವಿನ ವಿಷಯ, ಇದು ನಿಮ್ಮ ಸಂಗಾತಿ. ನೀವು ಪೊಲೀಸ್ ಥರ ಕಾದ್ರೆ ಅವರು ಇನ್ನೂ ಚೆನ್ನಾಗಿ ಬಚ್ಚಿಡೋದನ್ನ ಕಲೀತಾರೆ, ಅಷ್ಟೇ.

ಇದಕ್ಕೆ ಬುಲಿಮಿಯಾ ಅಂತಾರೆ, 1979ರಲ್ಲಿ ಜೆರಾಲ್ಡ್ ರಸೆಲ್ ಅನ್ನೋ ಬ್ರಿಟಿಷ್ ಮನೋವೈದ್ಯರು ಇದನ್ನ ಬೇರೆಯಾಗಿ ಗುರುತಿಸಿ ಬರೆದ್ರು. ತೂಕ ಬಹಳ ಜನಕ್ಕೆ ನಾರ್ಮಲ್ಲೇ ಇರುತ್ತೆ, ಅದಕ್ಕೇ ಮನೆಯವರಿಗೂ ವರ್ಷಗಟ್ಟಲೆ ಗೊತ್ತಾಗಲ್ಲ. ಒಳಗೆ ನಡೆಯೋದು ಹೀಗೆ, ಹಗಲೆಲ್ಲ ಕಟ್ಟುನಿಟ್ಟಾಗಿ ಕಮ್ಮಿ ತಿನ್ನೋದು, ಸಂಜೆ ಹೊತ್ತಿಗೆ ದೇಹ ತಡೀಲಾರದೆ ಒಂದೇ ಸಲಕ್ಕೆ ತುಂಬಾ ತಿನ್ನೋದು, ಆಮೇಲೆ ನಾಚಿಕೆ, ಭಯ, ವಾಂತಿ, ನಾಳೆಯಿಂದ ಇನ್ನೂ ಕಟ್ಟುನಿಟ್ಟು ಅನ್ನೋ ಶಪಥ, ಮತ್ತೆ ಅದೇ ಸುತ್ತು. ಈ ಸುತ್ತು ಮುರಿಯೋದು ವಾಂತಿ ತಡೆಯೋದ್ರಿಂದ ಅಲ್ಲ, ಬೆಳಗ್ಗೆಯಿಂದ ಸರಿಯಾಗಿ ತಿನ್ನೋದ್ರಿಂದ. ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೊಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ ಅನ್ನೋ, ಯೋಚನೆ ಮತ್ತು ಅಭ್ಯಾಸಗಳನ್ನ ಮಾತುಕತೆಯಿಂದ ಬದಲಾಯಿಸೋ ಚಿಕಿತ್ಸೇಲಿ ಮೊದಲ ಪಾಠಗಳಲ್ಲಿ ಒಂದು ಇದೇ, ಮೂರು ಊಟ, ಎರಡು ಮೂರು ಸಣ್ಣ ತಿಂಡಿ, ಮಧ್ಯೆ ನಾಲ್ಕು ಗಂಟೆಗಿಂತ ಜಾಸ್ತಿ ಗ್ಯಾಪ್ ಬೇಡ. ಸಾಮಾನ್ಯವಾಗಿ ಸುಮಾರು 20 ಸಿಟ್ಟಿಂಗ್ ಇರುತ್ತೆ. ಫ್ಲೂಆಕ್ಸೆಟಿನ್ ಅನ್ನೋ ಮಾತ್ರೆ ಕೂಡ ಕೆಲವರಿಗೆ ಸಹಾಯ ಮಾಡುತ್ತೆ, ಅದನ್ನ ಮನೋವೈದ್ಯರೇ ಬರೀಬೇಕು.

ನೀವು ಮಾಡ್ಬಹುದಾದ್ದು, ಮಕ್ಕಳು ಮಲಗಿದ ಮೇಲೆ, ಊಟದ ಹೊತ್ತಲ್ಲದ ಹೊತ್ತಲ್ಲಿ, "ನನಗೆ ಕೋಪ ಇಲ್ಲ, ಇಷ್ಟು ವರ್ಷ ಒಬ್ಬಳೇ ಹೊತ್ಕೊಂಡಿದ್ದೀಯಲ್ಲ ಅಂತ ಬೇಜಾರಾಗ್ತಿದೆ, ನಾನು ಏನ್ ಮಾಡಿದ್ರೆ ನಿನಗೆ ಹೆಲ್ಪ್ ಆಗುತ್ತೆ" ಅಂತ ಕೇಳಿ. ಕೆಲವರು ಊಟ ಆದ್ಮೇಲೆ ಅರ್ಧ ಗಂಟೆ ವಾಕ್ ಬನ್ನಿ ಅಂತಾರೆ, ಕೆಲವರು ಸುಮ್ನೆ ಪಕ್ಕ ಕೂತಿರಿ ಅಂತಾರೆ, ಅದು ಅವರೇ ಹೇಳ್ಲಿ. ಗುಟ್ಟನ್ನ ನೆಂಟರಿಗೆ ಹೇಳ್ಬೇಡಿ, ಆದ್ರೆ ಡಾಕ್ಟರ್‌ಗೆ ಹೇಳ್ಲೇಬೇಕು ಅನ್ನೋದರಲ್ಲಿ ಗಟ್ಟಿಯಾಗಿರಿ, ಯಾಕಂದ್ರೆ ಪದೇ ಪದೇ ವಾಂತಿ ಮಾಡಿದ್ರೆ ಪೊಟ್ಯಾಷಿಯಂ ಇಳಿದು ಹೃದಯದ ಬಡಿತ ಏರುಪೇರಾಗುತ್ತೆ, ಹೊರಗಿಂದ ಏನೂ ಕಾಣಲ್ಲ. ಒಂದು ರಕ್ತಪರೀಕ್ಷೆ, ಒಂದು ಇಸಿಜಿ, ಈ ವಾರವೇ. ಹಲ್ಲಿಂದೂ ಒಂದು ಮಾತು, ವಾಂತಿ ಆದ ತಕ್ಷಣ ಬ್ರಶ್ ಮಾಡಿದ್ರೆ ಆಸಿಡ್‌ಗೆ ಮೆತ್ತಗಾದ ಎನಾಮಲ್ ಇನ್ನೂ ಸವೆಯುತ್ತೆ, ನೀರಲ್ಲಿ ಬಾಯಿ ಮುಕ್ಕಳಿಸಿದ್ರೆ ಸಾಕು. ವಾಂತಿ ನಿಲ್ಲಿಸಿದ ಹೊಸತರಲ್ಲಿ ಕೆನ್ನೆ, ಪಾದ ಊದ್ಬಹುದು, ಅದು ನೋಡಿ ದಪ್ಪ ಆದೆ ಅಂತ ಹೆದರಿ ಮತ್ತೆ ಶುರು ಮಾಡೋರು ಇದಾರೆ, ಇಳಿಯುತ್ತೆ ಅಂತ ಮೊದಲೇ ಹೇಳಿಡಿ.

ಅವರಿಗೆ ನಾಚಿಕೆ ಜಾಸ್ತಿ ಇದ್ರೆ ಇದನ್ನೂ ಹೇಳಿ, ಬ್ರಿಟನ್ನಿನ ರಾಜಕುಮಾರಿ ಡಯಾನಾ 1995ರಲ್ಲಿ ಟೀವಿ ಸಂದರ್ಶನದಲ್ಲಿ ಕೂತು ತನಗೆ ಬುಲಿಮಿಯಾ ಇತ್ತು ಅಂತ ಹೇಳಿದ್ರು. ಎಷ್ಟು ಜನ ನೋಡೋ ಮನೇಲಿದ್ರೂ ಈ ಕಾಯಿಲೇಲಿ ಒಬ್ಬರೇ ಇರ್ತಾರೆ.

ಪ್ರಶ್ನೆ: ನಾನು 22ರ ಹುಡುಗಿ, ಅನೊರೆಕ್ಸಿಯಾದಿಂದ ಚೇತರಿಸಿಕೊಳ್ತಿದೀನಿ. ಈಗ ಹೊಟ್ಟೆ ಉಬ್ಬರಿಸಿ ಬಲೂನ್ ಥರ ಆಗುತ್ತೆ, ಇನ್ನೊಂದು ಕಡೆ ಎಷ್ಟು ತಿಂದ್ರೂ ಹಸಿವು ತೀರಲ್ಲ, ಕಂಟ್ರೋಲ್ ತಪ್ಪಿ ಹೋಯ್ತಾ ಅಂತ ಭಯ. ಎಲ್ಲರೂ "ಈಗ ಚೆನ್ನಾಗಿ ಕಾಣ್ತೀಯ, ಮೈ ತುಂಬ್ಕೊಂಡಿದೀಯ" ಅಂತಾರೆ, ಅವತ್ತು ರಾತ್ರಿ ಊಟ ಬಿಡೋಣ ಅನ್ಸುತ್ತೆ.

ಉತ್ತರ: ಎರಡೂ ಚೇತರಿಕೆಯ ಭಾಗವೇ ತಂಗಿ. ಬಹಳ ದಿನ ಕೆಲಸ ಇಲ್ಲದೆ ಇದ್ದ ಹೊಟ್ಟೆ ನಿಧಾನವಾಗಿ ಖಾಲಿ ಆಗುತ್ತೆ, ಅದಕ್ಕೆ ಉಬ್ಬರ, ದಿನಾ ಹೊತ್ತಿಗೆ ಸರಿಯಾಗಿ ತಿಂತಾ ಹೋದ ಹಾಗೆ ಕಮ್ಮಿ ಆಗುತ್ತೆ, ಊಟ ಬಿಟ್ರೆ ಮಾತ್ರ ಮತ್ತೆ ಮೊದಲಿಂದ ಶುರು. ಹಸಿವಿನ ವಿಷಯ, ಮೇಲೆ ಹೇಳಿದ ಮಿನ್ನೆಸೋಟಾದ ಯುವಕರಲ್ಲೂ ಎಷ್ಟೋ ಜನ ಪೂರ್ತಿ ಊಟ ಸಿಕ್ಕ ಮೇಲೂ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ, ತಿಂದಷ್ಟೂ ಸಾಲದು ಅಂತಿದ್ರು. ದೇಹ ತನಗೆ ಬರ್ಬೇಕಾಗಿದ್ದನ್ನ ಕೇಳ್ತಿದೆ, ನಿಮ್ಮಲ್ಲಿ ಏನೂ ಕೆಟ್ಟಿಲ್ಲ. ಆದ್ರೆ ಹೊಟ್ಟೆ ನೋವು ತಡೆಯೋಕೆ ಆಗದಷ್ಟಿದ್ರೆ ಅಥವಾ ವಾಂತಿ ಬರ್ತಿದ್ರೆ ಡಾಕ್ಟರ್‌ಗೆ ತೋರಿಸಿ.

ಆ "ಮೈ ತುಂಬ್ಕೊಂಡಿದೀಯ" ಅನ್ನೋರಿಗೆ ನಾನೇ ಇಲ್ಲಿಂದ ಹೇಳ್ತೀನಿ. ದಯವಿಟ್ಟು ಚೇತರಿಸಿಕೊಳ್ತಿರೋರ ಮೈ ಬಗ್ಗೆ ಒಳ್ಳೇದೂ ಹೇಳ್ಬೇಡಿ ಕೆಟ್ಟದ್ದೂ ಹೇಳ್ಬೇಡಿ. ನೀವು ಆರೋಗ್ಯವಾಗಿದೀಯ ಅಂತ ಹೇಳಿದ್ರೂ ಅವರ ಕಿವಿಗೆ ಬೀಳೋದು ದಪ್ಪ ಆಗಿದೀಯ ಅಂತಲೇ. ನಿನ್ನ ನಗು ಕೇಳಿ ಎಷ್ಟು ದಿನ ಆಗಿತ್ತು ಅನ್ನಿ, ನಿನ್ನ ಜೊತೆ ಮಾತಾಡಿ ಖುಷಿ ಆಯ್ತು ಅನ್ನಿ. ನಿಮ್ಮ ಸ್ವಂತ ಡಯಟ್ ಪುರಾಣನೂ ಅವರ ಮುಂದೆ ಬೇಡ, ನಾನಿವತ್ತು ಜಾಸ್ತಿ ತಿಂದ್ಬಿಟ್ಟೆ ನಾಳೆ ಉಪವಾಸ ಅನ್ನೋ ಮಾತು ಮನೇಲಿ ನಿಂತ್ರೆ ಅದೇ ದೊಡ್ಡ ಸಹಾಯ.

ನಿಮಗೆ ಒಂದು ಕೆಲಸ, ನಂಬಿಕೆ ಇರೋ ಒಬ್ಬರಿಗೆ ಮೊದಲೇ ಹೇಳಿಡಿ, "ಇಂಥ ಮಾತು ಕೇಳಿದ ದಿನ ನಾನು ಮೆಸೇಜ್ ಮಾಡ್ತೀನಿ, ಅವತ್ತು ರಾತ್ರಿ ಊಟಕ್ಕೆ ಫೋನಲ್ಲಾದ್ರೂ ನನ್ನ ಜೊತೆ ಇರಿ" ಅಂತ.

ಪ್ರಶ್ನೆ: ನಮ್ಮ ಅಕ್ಕನಿಗೆ ಈ ಕಾಯಿಲೆ. ಮನೇಲಿ ಎಲ್ಲಾ ಅವಳದ್ದೇ. ನನ್ನ ಮ್ಯಾಚ್‌ಗೂ ಯಾರೂ ಬರಲ್ಲ. ನನಗೆ ಅವಳ ಮೇಲೆ ಕೋಪ ಬರುತ್ತೆ, ಇದು ತಪ್ಪಾ? (ವಯಸ್ಸು 13)

ಉತ್ತರ: ತಪ್ಪಲ್ಲ ಕಣೋ. ಅಕ್ಕನ ಮೇಲೆ ಪ್ರೀತಿನೂ ಇರ್ಬಹುದು ಕೋಪನೂ ಇರ್ಬಹುದು, ಎರಡೂ ಒಟ್ಟಿಗೇ. ಅವಳಿಗೆ ತಿನ್ನಿಸೋದು ನಿನ್ನ ಕೆಲಸ ಅಲ್ಲ, ಅವಳು ಊಟ ಬಚ್ಚಿಟ್ಟಿದ್ದನ್ನ ಕಾಯೋದೂ ನಿನ್ನ ಕೆಲಸ ಅಲ್ಲ, ಕಣ್ಣಿಗೆ ಬಿದ್ರೆ ಅಮ್ಮನಿಗೆ ಹೇಳು, ಅದು ಚಾಡಿ ಆಗಲ್ಲ. ನೀನು ಅವಳ ಜೊತೆ ಮೊದಲಿನ ಹಾಗೇ ಆಟ ಆಡು, ಜಗಳ ಆಡು, ಅವಳನ್ನ ಕಾಯಿಲೆಯವಳು ಅಂತ ನೋಡದೇ ಇರೋ ಒಬ್ಬ ಅವಳಿಗೆ ಬೇಕು. ಈ ಪೇಜನ್ನ ಅಪ್ಪನಿಗೆ ತೋರಿಸು. ಅಪ್ಪ ಅಮ್ಮನಿಗೆ, ವಾರದಲ್ಲಿ ಒಂದು ಹೊತ್ತು ಇವನೊಬ್ಬನಿಗೇ ಇಡಿ, ಇಬ್ಬರಲ್ಲಿ ಒಬ್ಬರಾದ್ರೂ ಮುಂದಿನ ಮ್ಯಾಚ್‌ಗೆ ಹೋಗಿ.

ಪ್ರಶ್ನೆ: ನಾನು 35ರ ಗಂಡಸು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊಟ್ಟೆ ನೋಯೋ ತನಕ ತಿಂತೀನಿ, ವಾಂತಿ ಮಾಡಲ್ಲ. ಡಾಕ್ಟರ್ ತೂಕ ಇಳಿಸಿ ಅಂದ್ರು. ಇದೂ ಕಾಯಿಲೆನಾ ಅಥವಾ ನನಗೆ ಮನಸ್ಸು ಗಟ್ಟಿ ಇಲ್ವಾ?

ಉತ್ತರ: ಕಾಯಿಲೆ ಇರೋ ಸಾಧ್ಯತೆ ಇದೆ. ಬಿಂಜ್ ಈಟಿಂಗ್ (ಹಿಡಿತ ತಪ್ಪಿ ಒಂದೇ ಸಲಕ್ಕೆ ತುಂಬಾ ತಿನ್ನೋ) ಡಿಸಾರ್ಡರ್ ಅಂತ ಇದನ್ನ 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡೀಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿಸ್ತು, ಗಂಡಸರಲ್ಲೂ ಇದು ಸಾಕಷ್ಟಿದೆ, ಹೇಳ್ಕೊಳ್ಳೋಕೆ ಮುಜುಗರ ಅಂತ ಲೆಕ್ಕಕ್ಕೆ ಸಿಗಲ್ಲ. ಬರೀ ಡಯಟ್ ಮಾಡೋಕೆ ಹೋದ್ರೆ ಹಗಲು ಹಸಿವು, ರಾತ್ರಿ ಬಿಂಜ್, ಇನ್ನೂ ಜೋರಾಗುತ್ತೆ. ಮೇಲೆ ಹೇಳಿದ ಸಿಬಿಟಿ ನಿಮಗೂ ಆಗುತ್ತೆ. ತೂಕದ ಮಾತು ಎತ್ತದೆ, "ನನಗೆ ತಿನ್ನೋದರ ಮೇಲೆ ಹಿಡಿತ ತಪ್ಪುತ್ತೆ, ವಾರಕ್ಕೆ ಇಷ್ಟು ಸಲ" ಅಂತ ಮನೋವೈದ್ಯರ ಮುಂದೆ ಹೇಳಿ. ಮನೇಲಿ ಒಬ್ಬರಿಗಾದ್ರೂ ಗೊತ್ತಿರ್ಲಿ.

ಪ್ರಶ್ನೆ: ಮಗಳು ವಾಸಿಯಾಗಿ ಒಂದು ವರ್ಷ ಆಗ್ತಾ ಬಂತು, ಈಗ ಹಾಸ್ಟೆಲ್‌ಗೆ ಹೋಗ್ತೀನಿ ಅಂತಿದಾಳೆ. ನಾನು ಅವಳ ತಟ್ಟೆ ಮೇಲಿಂದ ಕಣ್ಣು ತೆಗೆಯೋಕೆ ಆಗ್ತಿಲ್ಲ, ನನ್ನ ಹೆಂಡತಿ ಆ ವಿಷಯವೇ ಎತ್ತಬೇಡಿ ಅಂತಾಳೆ. ಯಾರು ಸರಿ?

ಉತ್ತರ: ಲಂಡನ್‌ನ ಪ್ರೊಫೆಸರ್ ಜಾನೆಟ್ ಟ್ರೆಷರ್ ಈ ಕಾಯಿಲೆ ಇರೋರ ಮನೆಯವರನ್ನ ಪ್ರಾಣಿಗಳ ಹೆಸರಲ್ಲಿ ವಿವರಿಸ್ತಾರೆ. ಮಗುನ ಚೀಲದಲ್ಲಿಟ್ಕೊಂಡು ಬಿಡದೇ ಇರೋದು ಕಾಂಗರೂ, ಗುದ್ದಿ ಗೆಲ್ಲೋಕೆ ಹೋಗೋದು ಖಡ್ಗಮೃಗ, ಮರಳಲ್ಲಿ ತಲೆ ಇಡೋದು ಆಸ್ಟ್ರಿಚ್. ನೀವು ಕಾಂಗರೂ, ನಿಮ್ಮವರು ಆಸ್ಟ್ರಿಚ್, ಇಬ್ಬರೂ ಹೆದರಿಕೆಯಿಂದಲೇ ಹಾಗಾಗಿರೋದು. ಟ್ರೆಷರ್ ಹೇಳೋದು ಡಾಲ್ಫಿನ್ ಆಗಿ ಅಂತ, ಅವಳು ಈಜ್ಲಿ, ಒಮ್ಮೆ ಮುಂದೆ ಹೋಗಿ ದಾರಿ ತೋರಿಸಿ, ಒಮ್ಮೆ ಪಕ್ಕದಲ್ಲಿರಿ, ಚೆನ್ನಾಗಿ ಹೋಗ್ತಿದ್ರೆ ಹಿಂದೆ ಇರಿ.

ವಾಸಿಯಾದ ಮೊದಲ ಒಂದು ವರ್ಷದಲ್ಲಿ ಮರುಕಳಿಸೋ ಸಾಧ್ಯತೆ ಜಾಸ್ತಿ, ಮನೆ ಬಿಟ್ಟು ಹೋಗೋದು, ಪರೀಕ್ಷೆ, ಜ್ವರ ಬಂದು ಊಟ ಬಿಡೋದು, ಇಂಥ ಹೊತ್ತಲ್ಲೇ. ಹಾಗಂತ ಹೋಗ್ಬೇಡ ಅನ್ಬೇಡಿ. ಮೂವರೂ ಕೂತು, ಅವಳ ಕೈಯಲ್ಲೇ ಒಂದು ಹಾಳೆ ಮೇಲೆ ಬರೆಸಿ. ಶುರುವಾಗೋ ಮುಂಚೆ ಅವಳಲ್ಲಿ ಏನು ಬದಲಾಗುತ್ತೆ ಅಂತ ಅವಳಿಗೇ ಚೆನ್ನಾಗಿ ಗೊತ್ತಿರುತ್ತೆ, ತಿಂಡಿ ತಪ್ಪಿಸೋದು, ಒಬ್ಬಳೇ ತಿನ್ನೋದು, ಕನ್ನಡಿ ಮುಂದೆ ಜಾಸ್ತಿ ಹೊತ್ತು, ಫೋನ್ ಎತ್ತದೇ ಇರೋದು, ಅವಳದ್ದು ಯಾವುದೋ ಅದು. ಅದು ಕಂಡ್ರೆ ಯಾರು ಕೇಳ್ಬೇಕು, ಯಾವ ಮಾತಲ್ಲಿ ಕೇಳಿದ್ರೆ ಅವಳಿಗೆ ಹಿಂಸೆ ಆಗಲ್ಲ, ತೂಕ ಯಾರು ಎಷ್ಟು ದಿನಕ್ಕೊಮ್ಮೆ ನೋಡ್ತಾರೆ (ನೀವಲ್ಲ, ಡಾಕ್ಟರ್ ಅಥವಾ ನರ್ಸ್), ಎಷ್ಟಕ್ಕೆ ಇಳಿದ್ರೆ ಮನೆಗೆ ಬರ್ತೀನಿ ಅಂತ ಈಗಲೇ ಒಪ್ಕೊಳ್ತಾಳೆ, ಎಲ್ಲಾ ಬರೀಲಿ. ಒಂದು ಕಾಪಿ ಅವಳ ಹತ್ರ, ಒಂದು ನಿಮ್ಮ ಹತ್ರ, ಒಂದು ಡಾಕ್ಟರ್ ಹತ್ರ. ಹಾಸ್ಟೆಲಲ್ಲಿ ಯಾರಿಗೆ ಹೇಳ್ಬೇಕು ಅನ್ನೋದು ಅವಳ ಇಷ್ಟ, ಒಬ್ಬರಿಗಾದ್ರೂ ಹೇಳು ಅನ್ನಿ. ಹೋಗೋ ಮುಂಚೆ ಒಂದೆರಡು ವಾರ ಮನೇಲೇ ಅವಳೇ ಬಡಿಸ್ಕೊಂಡು, ನೀವಿಬ್ಬರೂ ಇನ್ನೊಂದು ರೂಮಲ್ಲಿದ್ದು, ಒಬ್ಬಳೇ ಊಟ ಮಾಡೋದನ್ನ ಅಭ್ಯಾಸ ಮಾಡ್ಲಿ. ಮರುಕಳಿಸಿದ್ರೂ ಇಷ್ಟು ದಿನದ ಕಷ್ಟ ನೀರಲ್ಲಿ ಹೋಮ ಆಗಲ್ಲ, ಬೇಗ ಹಿಡಿದ್ರೆ ಮೊದಲಿಗಿಂತ ಬೇಗ ದಾರಿಗೆ ಬರ್ತಾರೆ. ನೀವೂ ಇಷ್ಟು ದಿನ ಸರಿಯಾಗಿ ನಿದ್ದೆ ಮಾಡಿದ ಹಾಗೆ ಕಾಣಲ್ಲ, ಮುಂದಿನ ಸಲ ಅವಳ ಚೆಕಪ್‌ಗೆ ಹೋದಾಗ ನಿಮ್ಮ ಬಗ್ಗೆನೂ ಡಾಕ್ಟರ್ ಹತ್ರ ಮಾತಾಡಿ.